ಕೈಗೆ ಇಸ್ತ್ರಿ ಪೆಟ್ಟಿಗೆ ಕೊಟ್ಟ ಚರ್ಚು

ಅಮೆರಿಕದ ಫಿಲಡೆಲ್ಫಿಯಾದ ಸುತ್ತಮುತ್ತ ಮಕ್ಕಳ ಮನೆಗೆ ಬಂದು ನೆಲೆಸಿರುವ ನನ್ನ ವಯಸ್ಸಿನ ಹೆಂಗಸರು ಸಿಕ್ಕಾಗಲೆಲ್ಲ ಕೇಳುತ್ತಾರೆ: ‘ಭಾನುವಾರ ಎಲ್ಲಿಗೆ ಹೋಗುತ್ತೀರಿ? ಅಲ್ಲಿ ನಿಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ?’ ಒಬ್ಬೊಬ್ಬರಿಗೂ ಅರ್ಧ ಅರ್ಧ ಹೇಳುವುದಕ್ಕಿಂತ ಒಮ್ಮೆ ಕೂತು ಬರೆದಿಡುವುದು ಲೇಸು ಅನ್ನಿಸಿತು. ನಾನು ಹೋಗುವುದು ಮಗಳ ಮನೆಯಿಂದ ಒಂದೂವರೆ ಮೈಲಿ ದೂರದ ಎಪಿಸ್ಕೋಪಲ್ ಚರ್ಚಿಗೆ. ಒಂದು ವರ್ಷ ಎರಡು ತಿಂಗಳಾಯಿತು. ನೂರಿಪ್ಪತ್ತು ಜನರ ಸಣ್ಣ ಸಭೆ ಅದು. ಹೆಸರು ಹಾಕಿದರೆ ಒಬ್ಬೊಬ್ಬರ ಗುರುತೂ ಸಿಕ್ಕಿಬಿಡುತ್ತದೆ, ಹಾಗಾಗಿ ಹಾಕುವುದಿಲ್ಲ. ನಾನು ಹೇಳುವುದರಲ್ಲಿ ಬಹುಪಾಲು ಈ ಪಂಗಡದ ಬೇರೆ ಚರ್ಚುಗಳಲ್ಲೂ ಕಾಣುತ್ತದೆ. ಈಗ ಸೆಪ್ಟೆಂಬರ್ ಕೊನೆ. ಕ್ರಿಸ್ಮಸ್‌ವರೆಗಿನ ಕಾರ್ಯಕ್ರಮಗಳ ಹಾಳೆ ಕೈಗೆ ಬಂದಿದೆ. ಹೊಸಬರು ಮೊದಲ ಹೆಜ್ಜೆ ಇಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ನಾನು ಹುಟ್ಟಿ ಬೆಳೆದದ್ದು ಸಿಎಸ್‌ಐ, ಎಂದರೆ ದಕ್ಷಿಣ ಭಾರತ ಸಭೆಯಲ್ಲಿ. 1947ರಲ್ಲಿ ಆಂಗ್ಲಿಕನ್ನರು (ಇಂಗ್ಲೆಂಡಿನ ಚರ್ಚಿನ ಪರಂಪರೆಯವರು), ಮೆಥಡಿಸ್ಟರು ಮತ್ತಿತರರು ಒಂದಾಗಿ ಕಟ್ಟಿದ ಸಭೆ ನಮ್ಮದು. ಎಪಿಸ್ಕೋಪಲ್ ಚರ್ಚು ಅಮೆರಿಕದ ಆಂಗ್ಲಿಕನ್ ಶಾಖೆ. ಎರಡರ ನಡುವೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಷ್ಟು ನಂಟಿದೆ. ಇದು ಮಗಳ ಮನೆಗೆ ಬಂದಾಗ ನನಗೆ ಗೊತ್ತಿರಲಿಲ್ಲ. ಹಾಗಾಗಿ ಮೊದಲು ಹೋದದ್ದು ಬೇರೊಂದು ದೊಡ್ಡ ಚರ್ಚಿಗೆ. ಅಲ್ಲಿ ಬಾಗಿಲಲ್ಲೇ ನಾಲ್ಕು ಜನ ನಿಂತು ಕೈಕುಲುಕಿದರು, ಒಂದು ಚೀಲ ಕೊಟ್ಟರು, ಚೀಲದಲ್ಲಿ ಕಾಫಿ ಕುಡಿಯುವ ಬಟ್ಟಲು, ಪೆನ್ನು, ತುಂಬಿ ಕೊಡಬೇಕಾದ ಅರ್ಜಿ. ಮೂರು ದಿನ ಫೋನೂ ಬಂತು. ಆದರೆ ಐದನೆಯ ಭಾನುವಾರ ಅದೇ ಬಾಗಿಲಲ್ಲಿ ಅದೇ ಮನುಷ್ಯ ನನಗೆ ಮತ್ತೊಂದು ಚೀಲ ಹಿಡಿಸಿ, ‘ಮೊದಲ ಸಲ ಬರುತ್ತಿದ್ದೀರಾ?’ ಎಂದು ಕೇಳಿದರು. ಆ ದಿನ ಮನೆಗೆ ಬಂದು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಈ ಚರ್ಚು. ರಸ್ತೆಯ ಬದಿಯಲ್ಲಿ ‘ಎಪಿಸ್ಕೋಪಲ್ ಚರ್ಚು ನಿಮ್ಮನ್ನು ಸ್ವಾಗತಿಸುತ್ತದೆ’ ಎಂದು ಬರೆದ ಫಲಕವಿತ್ತು. ಅಮೆರಿಕದ ಸಣ್ಣ ಊರುಗಳಲ್ಲೆಲ್ಲ ಕಾಣುವ ಫಲಕ ಅದು. ಕಲ್ಲಿನ ಕಟ್ಟಡ, ಕೆಂಪು ಬಣ್ಣದ ಬಾಗಿಲು. ಬಾಗಿಲಲ್ಲಿ ಒಬ್ಬರೇ ಮುದುಕರು ನಿಂತಿದ್ದರು. ಆರಾಧನೆಯ ಕ್ರಮ ಅಚ್ಚಾದ ಹಾಳೆ ಕೊಟ್ಟು, ‘ಹಿಂದಿನ ಸಾಲುಗಳಲ್ಲಿ ಧ್ವನಿವರ್ಧಕ ಸರಿಯಾಗಿ ಕೇಳಿಸುವುದಿಲ್ಲ, ನಡುವೆ ಕೂತುಕೊಳ್ಳಿ’ ಎಂದರು. ಅಷ್ಟೇ. ಅವರ ಮಾತು ನಿಜ. ಧ್ವನಿವರ್ಧಕ ಇಂದಿಗೂ ಹಾಗೆಯೇ ಇದೆ, ಹಿಂದೆ ಕೂತರೆ ಪಾದ್ರಿಯವರ ಉಪದೇಶದಲ್ಲಿ ಅರ್ಧ ಕಳೆದುಹೋಗುತ್ತದೆ.

ಹೊಸಬರಿಗೆ ತೊಡಕಾಗುವುದು ಪುಸ್ತಕಗಳು. ಮುಂದಿನ ಬೆಂಚಿನ ಬೆನ್ನಿಗೆ ಎರಡು ಪುಸ್ತಕ ಸಿಕ್ಕಿಸಿರುತ್ತಾರೆ. ಕೆಂಪು ರಟ್ಟಿನದು 1979ರ ಪ್ರಾರ್ಥನಾ ಪುಸ್ತಕ, ನೀಲಿ ರಟ್ಟಿನದು 1982ರ ಕೀರ್ತನೆಗಳ ಪುಸ್ತಕ. ಕೈಯಲ್ಲಿ ಹಾಳೆ ಬೇರೆ. ಏಳುವುದು, ಕೂರುವುದು, ಮೊಣಕಾಲೂರುವುದು, ಇವುಗಳ ನಡುವೆ ಮೂರನ್ನೂ ತಿರುವಿ ಹಾಕುವುದು ಸುಲಭವಲ್ಲ. ನನ್ನ ಸಲಹೆ ಕೇಳುವುದಾದರೆ, ಪ್ರಾರ್ಥನಾ ಪುಸ್ತಕದ 355ನೆಯ ಪುಟಕ್ಕೆ ಹಾಳೆಯನ್ನೇ ಗುರುತಾಗಿ ಇಟ್ಟುಕೊಳ್ಳಿ. ಪ್ರಭು ಭೋಜನದ, ಎಂದರೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ ಅಲ್ಲಿಂದ ಶುರುವಾಗುತ್ತದೆ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ 364ರಲ್ಲಿ ಸಿಗುತ್ತದೆ. ಬೆಳಗಿನ 8 ಗಂಟೆಯ ಆರಾಧನೆಯಲ್ಲಿ ಸಂಗೀತವಿಲ್ಲ, ಹಳೆಯ ಕಾಲದ ಇಂಗ್ಲಿಷು, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹತ್ತೂವರೆಯದಕ್ಕೆ ಗಾಯಕವೃಂದವಿದೆ, ಆರ್ಗನ್ ಇದೆ, ಒಂದು ಗಂಟೆ ಹದಿನೈದು ನಿಮಿಷ ಹಿಡಿಯುತ್ತದೆ. ಮೊದಲ ಸಲ ಹೋಗುವವರು ಹತ್ತೂವರೆಗೇ ಹೋಗಿ.

ನಾನು ಹೋದ ಆ ಮೊದಲ ದಿನ ಕರ್ತನ ಪ್ರಾರ್ಥನೆಗೆ ಮೊದಲು ಸಭಾಪಾಲಕರು, ಎಂದರೆ ಪಾದ್ರಿ, ‘ನಿಮ್ಮ ಹೃದಯಕ್ಕೆ ಹತ್ತಿರವಾದ ಭಾಷೆಯಲ್ಲಿ ಪ್ರಾರ್ಥಿಸಿ’ ಎಂದರು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ನಾನು ಕನ್ನಡದಲ್ಲೇ ಆರಂಭಿಸಿದೆ. ನಮ್ಮ ವಾಕ್ಯಗಳು ಇಂಗ್ಲಿಷಿನವಕ್ಕಿಂತ ಉದ್ದ, ಹಾಗಾಗಿ ಎಲ್ಲರೂ ಮುಗಿಸಿದ ಮೇಲೂ ನನ್ನದು ಇನ್ನೂ ಉಳಿದಿತ್ತು. ಸಭಾಪಾಲಕರು ಮುಂದಿನ ಮಾತು ತೆಗೆಯಲಿಲ್ಲ, ಕಾದರು. ನನ್ನ ‘ಆಮೆನ್’ ಆದ ಮೇಲೆಯೇ ರೊಟ್ಟಿಯನ್ನು ಎತ್ತಿಕೊಂಡರು. ಅವರು ಕಾದದ್ದು ಬೇರೆ ಯಾರ ಗಮನಕ್ಕೂ ಬಂದಿರಲಾರದು. ನನ್ನ ಗಮನಕ್ಕೆ ಬಂತು.

ನನ್ನ ಅಳಿಯ ಕ್ರೈಸ್ತನಲ್ಲ. ತಿಂಗಳಿಗೊಮ್ಮೆ ನನ್ನನ್ನು ಕರೆದುಕೊಂಡು ಬಂದವನು ಒಳಗೂ ಬಂದು ಕೂರುತ್ತಾನೆ. ಅವನಂಥವರಿಗೆ ಇಲ್ಲೊಂದು ಒಳ್ಳೆಯ ರೂಢಿಯಿದೆ. ದೀಕ್ಷಾಸ್ನಾನ ಆದವರು ಯಾವ ಪಂಗಡದವರಾದರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದು. ಆಗದವರು ವೇದಿಯ ಮುಂದೆ ಬಂದು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡರೆ ಸಾಕು, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಾರೆ. ಏನೂ ಕೇಳುವುದಿಲ್ಲ. ಬೆಂಚಿನಲ್ಲೇ ಕೂತಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಆರು ತಿಂಗಳು ಕೂತೇ ಇದ್ದ ಅಳಿಯ ಒಂದು ದಿನ ತಾನಾಗಿಯೇ ಎದ್ದು ನನ್ನ ಹಿಂದೆ ಬಂದು ಕೈಕಟ್ಟಿ ಮೊಣಕಾಲೂರಿದ. ನಾನು ಅದನ್ನು ಅವನ ಮುಂದೆ ಇಂದಿಗೂ ಎತ್ತಿಲ್ಲ. ಕಾಣಿಕೆಯ ತಟ್ಟೆ ಬಂದಾಗ ಹೊಸಬರು ಹಾಗೆಯೇ ಪಕ್ಕಕ್ಕೆ ದಾಟಿಸಬಹುದು, ಅದರಲ್ಲಿ ಸಂಕೋಚ ಬೇಡ.

ಇಷ್ಟರಿಂದಲೇ ನಾನು ಈ ಚರ್ಚಿನವಳಾಗಲಿಲ್ಲ. ಆದದ್ದು ಮೂರನೆಯ ಭಾನುವಾರ.

ಆರಾಧನೆ ಮುಗಿದ ಮೇಲೆ ಕೆಳಗಿನ ಸಭಾಂಗಣದಲ್ಲಿ ಕಾಫಿ ಇರುತ್ತದೆ. ಇಳಿಯಲು ಹನ್ನೊಂದು ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿ ನೋವಿನವರು ಹೊರಗಿನಿಂದ ಸುತ್ತಿ ಪಕ್ಕದ ಬಾಗಿಲಿನ ಇಳಿಜಾರಿನಲ್ಲಿ ಬರಬೇಕು, ಮಳೆ ಬಂದರೆ ಅದೂ ಕಷ್ಟ. ಕಾಫಿ ತೆಳ್ಳಗಿರುತ್ತದೆ. ನಾನು ಗೋಡೆಯ ಪಕ್ಕ ಕೂತಿದ್ದೆ. ಎಂಬತ್ತರ ಹತ್ತಿರದ, ಬೆಳ್ಳಿ ಕೂದಲಿನ ಒಬ್ಬ ಹೆಂಗಸು ಬಂದು ಎದುರಿಗೆ ಕೂತರು. ಎಲ್ಲಿಂದ ಬಂದೆ, ಯಾವಾಗ ಹಿಂದಿರುಗುತ್ತೀ ಎಂದು ಯಾವುದನ್ನೂ ಕೇಳದೆ, ‘ನಿನಗೆ ಇಸ್ತ್ರಿ ಮಾಡಲು ಬರುತ್ತದೆಯೇ?’ ಎಂದರು. ಬರುತ್ತದೆ ಎಂದೆ. ‘ನನ್ನ ಭುಜ ಹೋಗಿದೆ. ಶನಿವಾರ ಹತ್ತು ಗಂಟೆಗೆ ಬಾ. ಕಾರು ನಾನು ತರುತ್ತೇನೆ.’

ವೇದಿಗೆ ಬೇಕಾದ ಬಟ್ಟೆ, ಪಾತ್ರೆ, ಮೇಣದಬತ್ತಿ, ಹೂವು ಎಲ್ಲವನ್ನೂ ಅಣಿಗೊಳಿಸುವ ಗುಂಪಿಗೆ ಇಲ್ಲಿ ಆಲ್ಟರ್ ಗಿಲ್ಡ್ ಎನ್ನುತ್ತಾರೆ. ವೇದಿಯ ಹಿಂದೆ ಒಂದು ಕಿರುಕೋಣೆ, ಗೋಡೆಯುದ್ದಕ್ಕೂ ಚಪ್ಪಟೆ ಸೆಳೆಖಾನೆಗಳು. ಅಲ್ಲಿ ನನಗೆ ಮೊದಲು ತೋರಿಸಿದ್ದು ಪಾತ್ರೆಯ ಅಂಚನ್ನು ಒರೆಸುವ ಲಿನನ್ ಚೌಕ. ಒಬ್ಬರು ಕುಡಿದ ಮೇಲೆ ಅಂಚು ಒರೆಸಿ, ಪಾತ್ರೆ ತಿರುಗಿಸಿ ಇನ್ನೊಬ್ಬರಿಗೆ ಕೊಡುತ್ತಾರಲ್ಲ, ಆ ಬಟ್ಟೆ. ಭಾನುವಾರ ಮುಗಿಯುವ ಹೊತ್ತಿಗೆ ಅದರ ಮೇಲೆ ದ್ರಾಕ್ಷಾರಸದ ಕಲೆ, ತುಟಿಬಣ್ಣದ ಕಲೆ. ಕೋಣೆಯಲ್ಲಿ ಎರಡು ತೊಟ್ಟಿಗಳಿವೆ. ಮೊದಲ ನೀರಿನಲ್ಲಿ ಅದ್ದಿ ಹಿಂಡುವುದು ಚಿಕ್ಕ ತೊಟ್ಟಿಯಲ್ಲಿ. ಅದರ ಕೊಳವೆ ಊರಿನ ಚರಂಡಿಗೆ ಸೇರದೆ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಪ್ರಭು ಭೋಜನದ ಒಂದು ಹನಿಯೂ ಕೊಚ್ಚೆಗೆ ಬೀಳಬಾರದು ಎಂದು. ಇದನ್ನು ವಿವರಿಸುತ್ತಾ ಅವರು ನನ್ನ ಮುಖ ನೋಡಿದರು, ನನಗೆ ವಿಚಿತ್ರ ಅನ್ನಿಸಬಹುದು ಎಂದುಕೊಂಡಿರಬೇಕು. ಪೂಜೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲುವ ನೆರೆಹೊರೆಯಲ್ಲಿ ಬೆಳೆದವಳಿಗೆ ಅದರಲ್ಲಿ ವಿಚಿತ್ರವೇನಿದೆ?

ಕಲೆ ಹೋದ ಮೇಲೆ ಬಟ್ಟೆ ಇನ್ನೂ ತೇವವಿರುವಾಗಲೇ ಇಸ್ತ್ರಿ ಮಾಡಬೇಕು. ಗಂಜಿ ಹಾಕಬಾರದು, ಹಾಕಿದರೆ ಬಟ್ಟೆ ನೀರು ಹೀರುವುದಿಲ್ಲ. ಕಸೂತಿಯ ಶಿಲುಬೆ ಇರುವ ಕಡೆ ಬಟ್ಟೆಯ ಹಿಂಬದಿಯಿಂದ ಒತ್ತಬೇಕು, ಇಲ್ಲವಾದರೆ ದಾರ ಚಪ್ಪಟೆಯಾಗುತ್ತದೆ. ಆಮೇಲೆ ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು ಮಡಿಕೆ. ಬಿಚ್ಚಿ ಹರವಿದರೆ ಒಂಬತ್ತು ಚೌಕ ಕಾಣಬೇಕು. ನನ್ನ ಮೊದಲ ಬಟ್ಟೆಯಲ್ಲಿ ನಡುವಿನ ಚೌಕ ಒಂದಿಷ್ಟು ಅಗಲವಾಯಿತು. ಅವರು ಏನೂ ಹೇಳದೆ ಬಿಚ್ಚಿ, ನೀರು ಚಿಮುಕಿಸಿ, ಮತ್ತೆ ನನ್ನ ಮುಂದಿಟ್ಟರು. ಎರಡನೆಯದನ್ನು ನೋಡಿ ಸೆಳೆಖಾನೆ ತೆರೆದು ಒಳಗಿಟ್ಟರು. ಮಾರನೆಯ ಭಾನುವಾರ ಸಭಾಪಾಲಕರ ಕೈಯಲ್ಲಿ ಆ ಬಟ್ಟೆ ಬಿಚ್ಚಿಕೊಳ್ಳುವುದನ್ನು ನಾನು ಕಣ್ಣು ತೆಗೆಯದೆ ನೋಡಿದೆ. ಆ ವಾರ ನನ್ನ ಹೆಸರು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಸರದಿ ಪಟ್ಟಿಯಲ್ಲಿ ಬಂತು. ಸದಸ್ಯತ್ವದ ಅರ್ಜಿ ತುಂಬಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ.

ಇಸ್ತ್ರಿ ಮಾಡುವಾಗ ಆ ಬೆಳ್ಳಿ ಕೂದಲಿನವರು ಹಳೆಯ ಕಥೆ ಹೇಳುತ್ತಾರೆ. 1974ರ ಜುಲೈ 29ರಂದು ಫಿಲಡೆಲ್ಫಿಯಾದ ಚರ್ಚ್ ಆಫ್ ದಿ ಅಡ್ವೊಕೇಟ್‌ನಲ್ಲಿ ಹನ್ನೊಂದು ಹೆಂಗಸರಿಗೆ ಪಾದ್ರಿಗಳಾಗುವ ದೀಕ್ಷೆ ಕೊಟ್ಟಾಗ ಇವರು ಗೋಡೆಗೊರಗಿ ನಿಂತಿದ್ದರಂತೆ. ಆಗ ಅದಕ್ಕೆ ಸಭೆಯ ಅನುಮತಿ ಇರಲಿಲ್ಲ. ಎರಡು ವರ್ಷದ ಮೇಲೆ, 1976ರ ಮಹಾಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. 1974ರ ಆ ದಿನ ಮೆರವಣಿಗೆಯ ಮುಂದೆ ಶಿಲುಬೆ ಹಿಡಿದು ನಡೆದವರು ಬಾರ್ಬರಾ ಹ್ಯಾರಿಸ್. ಮುಂದೆ 1989ರಲ್ಲಿ ಇಡೀ ಆಂಗ್ಲಿಕನ್ ಜಗತ್ತಿನ ಮೊದಲ ಮಹಿಳಾ ಬಿಷಪ್ ಆದವರೂ ಅವರೇ. ನಮ್ಮ ಸಿಎಸ್‌ಐಯಲ್ಲಿ ಆಂಧ್ರದ ನಂದ್ಯಾಲದ ಸಭಾಪ್ರಾಂತಕ್ಕೆ (ಒಬ್ಬ ಬಿಷಪ್ಪರ ಕೈಕೆಳಗಿನ ಚರ್ಚುಗಳ ವಲಯಕ್ಕೆ) ಮಹಿಳಾ ಬಿಷಪ್ ಬಂದದ್ದು 2013ರಲ್ಲಿ ಎಂದು ನಾನು ಹೇಳಿದಾಗ ಅವರು ಇಸ್ತ್ರಿ ಹಲಗೆಯನ್ನು ತಟ್ಟಿ ಸಂತೋಷಪಟ್ಟರು. ಈ ಚರ್ಚಿನ ಸಭಾಪಾಲಕರೂ ಹೆಂಗಸು. ನಮ್ಮಲ್ಲಿ ಪಾದ್ರಿಯವರಿಗೆ ಅಯ್ಯನವರು, ಅವರ ಹೆಂಡತಿಗೆ ಅಮ್ಮನವರು ಎನ್ನುತ್ತೇವಲ್ಲ, ಇಲ್ಲಿ ವೇದಿಯ ಮುಂದೆ ನಿಲ್ಲುವವರೇ ಅಮ್ಮನವರು. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗೆ ಅದು ಬಾಯಿಗೆ ಬರುವುದಿಲ್ಲ, ನಾನು ಅಮ್ಮನವರೇ ಎನ್ನುತ್ತೇನೆ. ಅರ್ಥ ಕೇಳಿ ತಿಳಿದುಕೊಂಡು ಅವರೂ ಒಪ್ಪಿಕೊಂಡಿದ್ದಾರೆ.

ಆಡಳಿತದ ವಿಷಯ ಎರಡು ಮಾತು. ನಮ್ಮಲ್ಲಿ ಅಯ್ಯನವರನ್ನು ಸಭಾಪ್ರಾಂತವೇ ವರ್ಗ ಮಾಡುತ್ತದೆ. ಇಲ್ಲಿ ಸಭೆಯವರೇ ಹುಡುಕಿ, ಮಾತನಾಡಿಸಿ, ಬಿಷಪ್ಪರ ಒಪ್ಪಿಗೆಯಿಂದ ಕರೆತರುತ್ತಾರೆ. ಹಣಕಾಸು ನೋಡಿಕೊಳ್ಳುವ ವೆಸ್ಟ್ರಿ ಎಂಬ ಸಮಿತಿಯನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ, ಅವರಿಗೆ ಸಂಬಳವಿಲ್ಲ. ಜನವರಿಯ ವಾರ್ಷಿಕ ಸಭೆಯಲ್ಲಿ ಆಯವ್ಯಯದ ಹಾಳೆಯನ್ನು ಪ್ರತಿಯೊಬ್ಬರ ಕೈಗೂ ಕೊಟ್ಟರು. ಅಮ್ಮನವರ ಸಂಬಳ, ಕಟ್ಟಡ ಬಿಸಿ ಮಾಡುವ ಖರ್ಚು, ಚಾವಣಿಯ ಸಾಲ ಎಲ್ಲವೂ ಅದರಲ್ಲಿತ್ತು. ಒಬ್ಬರು ಎದ್ದು ನಿಂತು ಸೋರುವ ಕೊಳಾಯಿಯ ಬಗ್ಗೆ ಕಾಲು ಗಂಟೆ ಮಾತನಾಡಿದರು, ಯಾರೂ ಬಾಯಿ ಮುಚ್ಚಿಸಲಿಲ್ಲ. ಆದರೆ ಒಂದು ಎಚ್ಚರಿಕೆ. ಅಕ್ಟೋಬರ್ ನಡುವಿನಿಂದ ನಾಲ್ಕು ಭಾನುವಾರ, ಮುಂದಿನ ವರ್ಷ ಎಷ್ಟು ಕಾಣಿಕೆ ಕೊಡುವಿರಿ ಎಂದು ವಾಗ್ದಾನದ ಚೀಟಿ ಹಂಚುತ್ತಾರೆ. ನಾಲ್ಕು ವಾರವೂ ಅದೇ ಮಾತು. ಎರಡು ವಾರ ಸಾಕು ಎಂದು ನನ್ನ ಅಭಿಪ್ರಾಯ, ವೆಸ್ಟ್ರಿಗೂ ಹೇಳಿದ್ದೇನೆ. ಹೊಸಬರು ಆ ಚೀಟಿ ತುಂಬಲೇಬೇಕೆಂದಿಲ್ಲ.

ಇನ್ನು ಮುಂದೆ ಬರುವ ದಿನಗಳು. ಅಕ್ಟೋಬರ್ 4 ಪ್ರಾಣಿಗಳನ್ನು ಪ್ರೀತಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರ ದಿನ. ಅದರ ಹತ್ತಿರದ ಭಾನುವಾರ ಮಧ್ಯಾಹ್ನ ಹುಲ್ಲಿನ ಮೇಲೆ ಪ್ರಾಣಿಗಳಿಗೆ ಆಶೀರ್ವಾದ. ನಾಯಿ ಬೆಕ್ಕುಗಳೇ ಹೆಚ್ಚು. ಕಳೆದ ವರ್ಷ ಆರೇಳು ವರ್ಷದ ಒಬ್ಬ ಹುಡುಗಿ ಗಾಜಿನ ಭರಣಿಯಲ್ಲಿ ಬಸವನಹುಳು ತಂದಿದ್ದಳು. ಅಮ್ಮನವರು ಬಿಳಿ ನಿಲುವಂಗಿ ಸಮೇತ ಹುಲ್ಲಿನಲ್ಲಿ ಮಂಡಿಯೂರಿ, ಹುಳುವಿನ ಹೆಸರು ಕೇಳಿ, ಅದೇ ಹೆಸರು ಹಿಡಿದು ಪ್ರಾರ್ಥಿಸಿದರು. ಹುಳು ಕೊಂಬು ಹೊರಗೆ ಚಾಚುವವರೆಗೂ ಇಬ್ಬರೂ ಭರಣಿಯನ್ನೇ ನೋಡುತ್ತಿದ್ದರು. ಚರ್ಚಿನ ಒಳಗೆ ಬರಲು ಹಿಂಜರಿಯುವವರಿಗೆ, ಮಕ್ಕಳಿರುವವರಿಗೆ ಮೊದಲ ಭೇಟಿಗೆ ಇದೇ ಸರಿಯಾದ ದಿನ. ಎಲ್ಲವೂ ಬಯಲಿನಲ್ಲಿ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಪುಸ್ತಕವಿಲ್ಲ.

ನವೆಂಬರಿನ ಎರಡನೆಯ ಶನಿವಾರ ಸಭಾಂಗಣದಲ್ಲಿ ಹಳೆಯ ಸಾಮಾನುಗಳ ಮಾರಾಟ. ಬೆಳಗ್ಗೆ ಎಂಟಕ್ಕೇ ಹೋಗಿ. ಊರಿನಿಂದ ಬಂದ ಮೊದಲ ವರ್ಷ ಚಳಿಗಾಲದ ದಪ್ಪ ಕೋಟನ್ನು ನಾನು ಅಲ್ಲಿ 8 ಡಾಲರಿಗೆ ಕೊಂಡೆ, ಅದೇ ಇಂದಿಗೂ ನನ್ನನ್ನು ಬೆಚ್ಚಗಿಟ್ಟಿದೆ. ಮಧ್ಯಾಹ್ನದ ಮೇಲೆ ಒಂದು ಚೀಲ ತುಂಬಿದರೆ 5 ಡಾಲರ್. ಬಂದ ಹಣ ಊರಿನ ಆಹಾರ ಭಂಡಾರಕ್ಕೆ ಹೋಗುತ್ತದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲಿನ ವಾರ ಅದೇ ಭಂಡಾರಕ್ಕೆ ಡಬ್ಬಿ ಆಹಾರ ಒಟ್ಟುಮಾಡುತ್ತಾರೆ.

ನವೆಂಬರ್ ಕೊನೆಗೆ ಆಗಮನ ಕಾಲ, ಎಂದರೆ ಕ್ರಿಸ್ಮಸ್‌ಗೆ ಕಾಯುವ ವಾರಗಳು, ಆರಂಭ. ವೇದಿಯ ಬಟ್ಟೆ ಹಸಿರಿನಿಂದ ನೇರಳೆಗೆ ತಿರುಗುತ್ತದೆ, ಅದನ್ನು ಹಿಂದಿನ ದಿನ ಬದಲಾಯಿಸುವುದು ನಮ್ಮ ಗುಂಪಿನ ಕೆಲಸ, ಎರಡು ಕೈ ಹೆಚ್ಚಿದ್ದರೆ ಒಳ್ಳೆಯದು. ಡಿಸೆಂಬರಿನ ಒಂದು ಭಾನುವಾರ ಸಂಜೆ ಒಂಬತ್ತು ಪಾಠಗಳು ಮತ್ತು ಕೀರ್ತನೆಗಳ ಆರಾಧನೆ. 1880ರಲ್ಲಿ ಇಂಗ್ಲೆಂಡಿನ ಟ್ರೂರೊದಲ್ಲಿ ಹುಟ್ಟಿ, 1918ರಿಂದ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಮೂಲಕ ಹೆಸರಾದ ಪದ್ಧತಿ. ಒಂಬತ್ತು ಜನ ಒಂಬತ್ತು ಭಾಗ ಓದುತ್ತಾರೆ, ನಡುನಡುವೆ ಹಾಡು. ಗಾಯಕವೃಂದದಲ್ಲಿ ಹದಿನಾಲ್ಕೇ ಜನ, ಆದರೂ ಕಲ್ಲಿನ ಗೋಡೆಗಳು ಅವರನ್ನು ನಲವತ್ತು ಜನರಂತೆ ಕೇಳಿಸುತ್ತವೆ. ಕ್ರಿಸ್ಮಸ್ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಮಕ್ಕಳ ನಾಟಕ, ರಾತ್ರಿ ಹತ್ತೂವರೆಗೆ ಮೇಣದಬತ್ತಿಯ ಆರಾಧನೆ.

ಮಕ್ಕಳ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಭಾನುವಾರ ಶಾಲೆಯಲ್ಲಿ ಇರುವುದು ಆರೇ ಮಕ್ಕಳು. ಹದಿಹರೆಯದವರ ಗುಂಪು ಇಲ್ಲವೇ ಇಲ್ಲ. ನಿಮ್ಮ ಮಕ್ಕಳಿಗೆ ಓರಗೆಯವರು ಬೇಕೆಂದರೆ ಇದು ಸಾಲದು, ದೊಡ್ಡ ಸಭೆಯೊಂದನ್ನು ಹುಡುಕಿಕೊಳ್ಳಿ. ಕಾರು ಓಡಿಸದವರಿಗೆ ಮಾತ್ರ ಚಿಂತೆ ಬೇಡ. ಗುರುವಾರದೊಳಗೆ ಕಚೇರಿಗೆ ಫೋನ್ ಮಾಡಿದರೆ ಯಾರಾದರೂ ಬಂದು ಕರೆದೊಯ್ಯುತ್ತಾರೆ. ಹಿಮ ಬಿದ್ದ ಒಂದು ಭಾನುವಾರ ಬಿಟ್ಟರೆ ನನಗೆ ಒಮ್ಮೆಯೂ ತಪ್ಪಿಲ್ಲ.

ಒಂದು ದಿನವನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. ನವೆಂಬರ್ 1 ಸಕಲ ಭಕ್ತರ ದಿನ. ಅದರ ಮುಂದಿನ ಭಾನುವಾರ, ತೀರಿಕೊಂಡ ನಮ್ಮವರ ಹೆಸರುಗಳನ್ನು ಆರಾಧನೆಯ ನಡುವೆ ಗಟ್ಟಿಯಾಗಿ ಓದುತ್ತಾರೆ. ಅಕ್ಟೋಬರ್ ಮುಗಿಯುವವರೆಗೂ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿರುತ್ತಾರೆ, ಹೆಸರು ಬರೆಯಲು ಸದಸ್ಯರೇ ಆಗಿರಬೇಕಿಲ್ಲ. ಕಳೆದ ವರ್ಷ ನಾನು ನನ್ನ ಯಜಮಾನರ ಹೆಸರು ಬರೆದೆ. ಅವರ ಹೆಸರಿನಲ್ಲಿ ‘ಳ’ ಇದೆ. ಪಟ್ಟಿ ಓದಬೇಕಾಗಿದ್ದವರು ನಿವೃತ್ತ ಅಂಚೆ ನೌಕರರು, ಶುಕ್ರವಾರ ಮನೆಗೆ ಫೋನ್ ಮಾಡಿ, ‘ಇದನ್ನು ಹೇಗೆ ಹೇಳಬೇಕು?’ ಎಂದರು. ಹೇಳಿದೆ. ಅವರು ‘ಲ’ ಎಂದರು. ನಾಲಿಗೆಯನ್ನು ಹಿಂದಕ್ಕೆ ಮಡಚಿ ಎಂದೆ. ‘ರ’ ಬಂತು. ಐದಾರು ಸಲ ಆಯಿತು. ಶನಿವಾರ ಮತ್ತೆ ಫೋನ್ ಮಾಡಿ, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ, ಈಗ ಕೇಳಿ ಎಂದರು. ಭಾನುವಾರ ನೂರಕ್ಕೂ ಹೆಚ್ಚು ಹೆಸರುಗಳ ನಡುವೆ ಆ ಹೆಸರು ಬಂದಾಗ ಅವರು ಒಂದು ಕ್ಷಣ ತಡೆದು, ಉಸಿರು ತೆಗೆದುಕೊಂಡು, ‘ಳ’ವನ್ನು ‘ಳ’ ಎಂದೇ ಅಂದರು. ಮೂರು ವರ್ಷದಿಂದ ಮನೆಯ ಹೊರಗೆ ಬೇರೆ ಯಾರ ಬಾಯಲ್ಲೂ ನಾನು ಆ ಹೆಸರನ್ನು ಕೇಳಿರಲಿಲ್ಲ.

ಈ ವರ್ಷ ಪಟ್ಟಿ ಓದುವ ಸರದಿ ನನ್ನದು ಎಂದು ಅಮ್ಮನವರು ತಿಳಿಸಿದ್ದಾರೆ. ಪುಸ್ತಕದಲ್ಲಿ ಈಗಾಗಲೇ ಮೂವತ್ತೆರಡು ಹೆಸರುಗಳಿವೆ. ಪೋಲಿಷ್ ಹೆಸರುಗಳಿವೆ, ಐರಿಷ್ ಇವೆ, ನೈಜೀರಿಯಾದ ಇಗ್ಬೊ ಕುಟುಂಬದವರು ಬರೆದ ನಾಲ್ಕಿವೆ. ಪ್ರತಿಯೊಂದರ ಮುಂದೆಯೂ ಅದು ಕಿವಿಗೆ ಬಿದ್ದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಒಂದು ಐರಿಷ್ ಹೆಸರಿನಲ್ಲಿ ಬರೆದಿರುವುದಕ್ಕೂ ಹೇಳುವುದಕ್ಕೂ ಸಂಬಂಧವೇ ಕಾಣುತ್ತಿಲ್ಲ. ಅವರ ಮಗಳು ಇದೇ ಭಾನುವಾರ ಕಾಫಿಯ ಹೊತ್ತಿಗೆ ಸಿಗುತ್ತೇನೆ ಎಂದಿದ್ದಾಳೆ, ನಾಲ್ಕು ಸಲವಾದರೂ ಹೇಳಿಸಿಕೊಳ್ಳಬೇಕು.